ಕಾರ್ ಶೆಡ್ಡಿನಲ್ಲಿ ಮರಗೆಲಸ: ಯಾವುದನ್ನು ಎಲ್ಲಿಡಬೇಕು, ಯಾವ ಕ್ರಮದಲ್ಲಿ ಇಡಬೇಕು

ಟೇಬಲ್ ಸಾ (ಮೇಜಿನ ನಡುವಿನಿಂದ ಬ್ಲೇಡು ಮೇಲೆ ಬರುವ ಗರಗಸದ ಯಂತ್ರ) ತಂದದ್ದಾಯಿತು, ಬೆಂಚು ಮಾಡಿಸಿದ್ದಾಯಿತು, ಗೋಡೆಗೆ ಮೊಳೆ ಹೊಡೆದು ಗರಗಸ, ಉಳಿ ಎಲ್ಲ ತೂಗುಹಾಕಿದ್ದೂ ಆಯಿತು. ಆಮೇಲೆ ಮೊದಲ ಎಂಟಡಿ ಹಲಗೆ ಸೀಳಲು ಹೋದರೆ ಅದು ಅರ್ಧಕ್ಕೇ ಎದುರಿನ ಗೋಡೆಗೆ ಹೋಗಿ ಬಡಿಯುತ್ತದೆ. ಈ ದೂರು ಹೊಸಬರಿಂದ ಪದೇ ಪದೇ ಬರುತ್ತಲೇ ಇದೆ. ಎಲ್ಲರದ್ದೂ ಒಂದೇ ಎಡವಟ್ಟು. ಯಂತ್ರ ಎಲ್ಲಿ ಕೂರುತ್ತದೆ ಅಂತ ನೋಡಿರುತ್ತಾರೆ, ಮರ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ನೋಡಿರುವುದಿಲ್ಲ.

ಲೆಕ್ಕಕ್ಕೆ ಒಂದು ಜಾಗ ಹಿಡಿದುಕೊಳ್ಳೋಣ. 30×40 ಸೈಟಿನ ಮನೆಯ ಕಾರ್ ಶೆಡ್, 10 ಅಡಿ ಅಗಲ, 16 ಅಡಿ ಉದ್ದ. ಚಿಕ್ಕ ಬದಿಯಲ್ಲಿ ರೋಲಿಂಗ್ ಶಟರ್, ಒಂದು ಉದ್ದ ಗೋಡೆಯಲ್ಲಿ ಕಿಟಕಿ. ನಿಮ್ಮದು ಇದಕ್ಕಿಂತ ಚಿಕ್ಕದಿರಬಹುದು, ಟೆರೇಸಿನ ಶೀಟ್ ರೂಮೇ ಇರಬಹುದು. ಕ್ರಮ ಮಾತ್ರ ಇದೇ.

ಶುರು ಮಾಡುವಾಗ ಕೈಯಲ್ಲಿ ಇರಬೇಕಾದದ್ದು: 5 ಮೀಟರ್ ಟೇಪು, ರಸಮಟ್ಟ, ಸೀಮೆಸುಣ್ಣ, ಹಳೇ ಗೋಡೆ ಕ್ಯಾಲೆಂಡರ್, ಒಂದಷ್ಟು ರಟ್ಟು, ಕತ್ತರಿ, ಮತ್ತೆ ಎಂಟಡಿ ಉದ್ದದ ಒಂದು ರೀಪು. ರೀಪು ಯಾಕೆ ಅಂತ 5ನೇ ಹಂತದಲ್ಲಿ ಗೊತ್ತಾಗುತ್ತದೆ, ಅದನ್ನು ಮಾತ್ರ ಮರೆಯಬೇಡಿ.

## 1. ಏನು ಮಾಡುತ್ತೀರಿ ಅಂತ ಮೊದಲು ಬರೆಯಿರಿ

ಮುಂದಿನ ಒಂದು ವರ್ಷದಲ್ಲಿ ನಿಜವಾಗಿಯೂ ಮಾಡುವ ಮೂರು ವಸ್ತುಗಳನ್ನು ಬರೆಯಿರಿ. ಆಸೆಯ ಪಟ್ಟಿ ಬೇಡ.

ಸ್ಟೂಲು, ಫೋಟೋ ಫ್ರೇಮು, ಚಿಕ್ಕ ಪೆಟ್ಟಿಗೆ ಅಂತಿದ್ದರೆ ಕೈ ಸಾಮಾನೇ ಸಾಕು, ಗಟ್ಟಿ ಬೆಂಚು ಹಿಡಿಸುವಷ್ಟು ಬಾಲ್ಕನಿಯೂ ನಡೆಯುತ್ತದೆ. ವಾರ್ಡ್‌ರೋಬು, ಕಿಚನ್ ಕಪಾಟು ಅಂತಿದ್ದರೆ ನೀವು ಹೋರಾಡಬೇಕಾದದ್ದು 8×4 ಅಡಿಯ ಪ್ಲೈವುಡ್ ಹಾಳೆಯ ಜೊತೆ. 18 ಎಂಎಂ ಹಾಳೆ ಒಂದಕ್ಕೆ 30ರಿಂದ 40 ಕೆಜಿ ತೂಕ. ಅದನ್ನು ಒಬ್ಬರೇ ಚಿಕ್ಕ ಟೇಬಲ್ ಸಾ ಮೇಲೆ ತಳ್ಳುವುದು ಕಷ್ಟ ಮಾತ್ರ ಅಲ್ಲ, ಅಪಾಯ. ಹಾಳೆಯನ್ನು ನೆಲದಲ್ಲಿ ಮಲಗಿಸಿ, ಕೆಳಗೆ ನಾಲ್ಕಾರು ರೀಪು ಅಥವಾ ದಪ್ಪ ಥರ್ಮಾಕೋಲ್ ಕೊಟ್ಟು, ನೇರ ಪಟ್ಟಿ ಕ್ಲಾಂಪ್ ಮಾಡಿ ಸರ್ಕ್ಯುಲರ್ ಸಾದಲ್ಲಿ (ಕೈಯಲ್ಲಿ ಹಿಡಿದು ಓಡಿಸುವ ದುಂಡು ಬ್ಲೇಡಿನ ಗರಗಸ) ಕೊಯ್ಯುವುದೇ ವಾಸಿ. ಕೆಲವು ಪ್ಲೈವುಡ್ ಅಂಗಡಿಗಳಲ್ಲಿ ದುಡ್ಡು ತೆಗೆದುಕೊಂಡು ಕೊಯ್ದೂ ಕೊಡುತ್ತಾರೆ. ಅಲ್ಲಿ 10 ಎಂಎಂ ಜಾಸ್ತಿ ಇಟ್ಟು ಕೊಯ್ಸಿಕೊಂಡು ಬಂದು ಮನೆಯಲ್ಲಿ ಅಳತೆಗೆ ತನ್ನಿ.

ನನ್ನ ಕೇಳಿದರೆ ಮೊದಲ ವರ್ಷ ಅರ್ಧಕ್ಕರ್ಧ ಜನರಿಗೆ ಟೇಬಲ್ ಸಾ ಬೇಕಾಗುವುದೇ ಇಲ್ಲ. ಬೇಕೇ ಬೇಕು ಅಂದರೆ ಒಂದು ಮಾತು: ಮಾರ್ಬಲ್ ಕಟರ್ ಅನ್ನು ತಲೆಕೆಳಗಾಗಿ ಪ್ಲೈವುಡ್ಡಿಗೆ ಬೋಲ್ಟ್ ಮಾಡಿ "ಟೇಬಲ್ ಸಾ" ಮಾಡಿಕೊಳ್ಳಬೇಡಿ. ವಿಡಿಯೋಗಳಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಅದಕ್ಕೆ ಬ್ಲೇಡಿನ ಹಿಂದೆ ನಿಂತು ಸೀಳಿದ ಮರ ಬ್ಲೇಡನ್ನು ಕಚ್ಚದಂತೆ ತಡೆಯುವ ಪಟ್ಟಿ, ಅಂದರೆ ರೈವಿಂಗ್ ನೈಫ್ ಇಲ್ಲ, ಸರಿಯಾದ ಗಾರ್ಡ್ ಇಲ್ಲ, ಕೈಗೆ ಸಿಗುವ ಸ್ವಿಚ್ಚೂ ಇಲ್ಲ.

## 2. ಜಾಗ ಅಳೆಯಿರಿ, ಅಡ್ಡಿಗಳ ಸಮೇತ

ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ 1 ಅಡಿಗೆ 2 ಸೆಂ.ಮೀ. ಲೆಕ್ಕದಲ್ಲಿ ನಕ್ಷೆ ಬರೆಯಿರಿ. ನಮ್ಮ 10×16 ಶೆಡ್ಡು 20×32 ಸೆಂ.ಮೀ. ಆಗುತ್ತದೆ. ಗೋಡೆ ಬರೆದು ನಿಲ್ಲಿಸಬೇಡಿ. ಕಿಟಕಿ ಬಾಗಿಲು ಯಾವ ಕಡೆ ತೆರೆಯುತ್ತದೆ, ಶಟರ್ ಸುರುಳಿ ಎಷ್ಟು ಕೆಳಗೆ ಇಳಿದಿದೆ, ಬೀಮು ಎಲ್ಲಿದೆ, ಕರೆಂಟ್ ಮೀಟರ್ ಎಲ್ಲಿದೆ, ಎಲ್ಲವೂ ಬರಬೇಕು.

ನಮ್ಮ ಕಡೆಯ ಕಾರ್ ಶೆಡ್ಡುಗಳಲ್ಲಿ ಎರಡು ವಿಷಯ ಯಾರೂ ಬರೆಯುವುದಿಲ್ಲ, ಆಮೇಲೆ ಒದ್ದಾಡುತ್ತಾರೆ.

ಒಂದು, ಸಂಪಿನ ಮುಚ್ಚಳ. ಬಹಳ ಮನೆಗಳಲ್ಲಿ ನೀರಿನ ಸಂಪು ಇರುವುದು ಶೆಡ್ಡಿನ ನೆಲದ ಕೆಳಗೇ. ಅದರ ಮೇಲೆ ಅಲುಗಾಡದ ಬೆಂಚು ಕೂರಿಸಿದರೆ ಸಂಪು ತೊಳೆಸುವ ದಿನ ಅಷ್ಟನ್ನೂ ಎತ್ತಬೇಕು. ಮುಚ್ಚಳದ ಸಂದಿನಿಂದ ಮರದ ಹೊಟ್ಟು ಕುಡಿಯುವ ನೀರಿಗೆ ಇಳಿಯುತ್ತದೆ, ಅದು ಇನ್ನೂ ಕೆಟ್ಟದ್ದು. ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ, ಮೇಲೊಂದು ಮ್ಯಾಟ್ ಹಾಸಿ, ಆ ಜಾಗವನ್ನು ಓಡಾಟಕ್ಕೆ ಬಿಡಿ.

ಎರಡು, ನೆಲದ ಇಳಿಜಾರು. ಕಾರು ತೊಳೆದ ನೀರು ಗೇಟಿನ ಕಡೆ ಹೋಗಲಿ ಅಂತ ನೆಲಕ್ಕೆ ವಾಟ ಕೊಟ್ಟಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ರಸಮಟ್ಟ ಇಟ್ಟರೆ ಗುಳ್ಳೆ ಓಡಿಬಿಡುತ್ತದೆ. ಎಷ್ಟು ಅಂತ ಅಳೆದು ನಕ್ಷೆಯಲ್ಲಿ ಬಾಣ ಹಾಕಿ ಬರೆಯಿರಿ. ಬೆಂಚಿನ ಕಾಲುಗಳ ಉದ್ದ, ಯಂತ್ರದ ಕೆಳಗಿನ ಪ್ಯಾಕಿಂಗ್ ಎಲ್ಲ ಇದರ ಮೇಲೆ ನಿಂತಿದೆ.

ಇನ್ನೊಂದು, ಮೆಟ್ಟಿಲ ಕೆಳಗೆ ಯುಪಿಎಸ್ ಬ್ಯಾಟರಿಯೋ ಗ್ಯಾಸ್ ಸಿಲಿಂಡರ್ರೋ ಇದ್ದರೆ ಅವು ಬೇರೆ ಕಡೆ ಹೋಗಬೇಕು. ಅವುಗಳನ್ನು ಮರದ ಪುಡಿ, ಥಿನ್ನರ್, ಕಿಡಿ ಹಾರುವ ಯಂತ್ರಗಳ ಜೊತೆ ಒಂದೇ ಕಡೆ ಇಡುವಂತಿಲ್ಲ.

## 3. ಮರದ ದಾರಿ ಗೆರೆ ಎಳೆಯಿರಿ, ಆಮೇಲೆ ಟೇಬಲ್ ಸಾ

ಈ ಹಂತ ಸರಿಹೋದರೆ ಅರ್ಧ ಕೆಲಸ ಮುಗಿದ ಹಾಗೆ. ನಕ್ಷೆಯ ಮೇಲೆ ಕೆಂಪು ಪೆನ್ನಿನಲ್ಲಿ ಮರದ ಪ್ರಯಾಣ ಬರೆಯಿರಿ. ಎಲ್ಲಿ ಒಳಗೆ ಬರುತ್ತದೆ, ಎಲ್ಲಿ ದಾಸ್ತಾನು, ಎಲ್ಲಿ ಬೇಕಾದ ಉದ್ದಕ್ಕೆ ಅಡ್ಡಲಾಗಿ ಕತ್ತರಿಸುತ್ತೀರಿ, ಎಲ್ಲಿ ಸೀಳುತ್ತೀರಿ, ಎಲ್ಲಿ ಕೀಸುತ್ತೀರಿ, ಎಲ್ಲಿ ಜೋಡಿಸುತ್ತೀರಿ, ಮಾಡಿದ ವಸ್ತು ಎಲ್ಲಿಂದ ಹೊರಗೆ ಹೋಗುತ್ತದೆ. ಗೆರೆ ತನ್ನನ್ನೇ ನಾಲ್ಕೈದು ಸಲ ದಾಟಿದರೆ ಜೋಡಣೆ ತಪ್ಪಿದೆ ಅಂತ ಅರ್ಥ.

ಈಗ ಸೀಳುವ ಲೆಕ್ಕ. ಎಂಟಡಿ ಹಲಗೆ ಸೀಳಬೇಕಾದರೆ ಬ್ಲೇಡಿನ ಹಿಂದೆ ಎಂಟಡಿ, ಮುಂದೆ ಎಂಟಡಿ, ಒಟ್ಟು 16 ಅಡಿ ನೇರ ಜಾಗ ಬೇಕು. ನಮ್ಮ ಶೆಡ್ಡಿಗೆ ಸರಿಯಾಗಿ ಅಷ್ಟೇ ಇದೆ, ಉಸಿರಾಡಲು ಜಾಗವಿಲ್ಲ. ಅದಕ್ಕೇ ಶಟರ್ ಬಳಸಿಕೊಳ್ಳಿ. ಟೇಬಲ್ ಸಾ ಅನ್ನು ಒಳಗೋಡೆಯಿಂದ ಬ್ಲೇಡಿಗೆ 9 ಅಡಿ ಬರುವ ಹಾಗೆ ಇಟ್ಟು, ಶಟರ್ ಕಡೆ ಮುಖ ಮಾಡಿ ನಿಂತು ಮರ ತಳ್ಳಿ. ಉದ್ದ ಜಾಸ್ತಿಯಾದರೆ ತುದಿ ಹೊರಗೆ ಹೋಗುತ್ತದೆ, ಹೋಗಲಿ.

ಯಾಕೆ ಒಳಗಿನಿಂದ ಹೊರಕ್ಕೆ? ತಿರುಗಿಸಿ ಇಟ್ಟರೂ ಅಷ್ಟೇ ಜಾಗ ತಾನೇ, ಅಂತ ಕೇಳುತ್ತಾರೆ. ವ್ಯತ್ಯಾಸ ಇರುವುದು ಕಿಕ್‌ಬ್ಯಾಕ್‌ನಲ್ಲಿ. ಸೀಳಿದ ಮರ ಬ್ಲೇಡಿನ ಹಿಂಭಾಗದ ಹಲ್ಲಿಗೆ ಸಿಕ್ಕಿಕೊಂಡರೆ ಅದನ್ನು ಬ್ಲೇಡು ತಳ್ಳುವವನ ಕಡೆಗೇ ಎಸೆಯುತ್ತದೆ. ರಸ್ತೆ ಕಡೆ ಬೆನ್ನು ಹಾಕಿ ನಿಂತಿದ್ದರೆ ಆ ತುಂಡು ಹಾರುವುದು ಮಕ್ಕಳು ಆಡುವ ದಿಕ್ಕಿಗೆ. ಒಳಗೋಡೆಗೆ ಬೆನ್ನು ಹಾಕಿದ್ದರೆ ತುಂಡು ಗೋಡೆಗೆ ಬಡಿದು ಬೀಳುತ್ತದೆ, ಜೊತೆಗೆ ಶೆಡ್ಡಿಗೆ ಯಾರು ಬಂದರೂ ನಿಮಗೆ ಎದುರಿಗೇ ಕಾಣುತ್ತಾರೆ. ಬ್ಲೇಡು ತಿರುಗುವಾಗ ಹಿಂದಿನಿಂದ ಬಂದು "ಕಾಫಿ ಆಯ್ತು" ಅಂತ ಹೆಗಲು ಮುಟ್ಟುವವರು ಪ್ರತಿ ಮನೆಯಲ್ಲೂ ಇರುತ್ತಾರೆ, ಅಲ್ವಾ. ನೀವೂ ಬ್ಲೇಡಿನ ನೇರಕ್ಕೆ ನಿಲ್ಲಬೇಡಿ, ಒಂದು ಪಕ್ಕಕ್ಕೆ ಸರಿದು ನಿಲ್ಲಿ.

ಸಾ ಆಚೆಗೆ ಮರ ಹೊರಬರುವ ಕಡೆ ಒಂದು ಮಡಚುವ ಮೇಜು ಅಥವಾ ರೋಲರ್ ಸ್ಟ್ಯಾಂಡ್ ಇರಲಿ. ಅದರ ಎತ್ತರ ಸಾ ಮೇಜಿಗಿಂತ 2-3 ಎಂಎಂ ಕಡಿಮೆ ಇರಬೇಕು. ಒಂದು ಎಂಎಂ ಮೇಲೆ ಇದ್ದರೂ ಹಲಗೆಯ ತುದಿ ತಾಗಿ ನಿಲ್ಲುತ್ತದೆ, ನೀವು ಜೋರಾಗಿ ತಳ್ಳುತ್ತೀರಿ, ಅಪಾಯ ಶುರುವಾಗುವುದೇ ಅಲ್ಲಿ.

ಸಾ ಸ್ಟ್ಯಾಂಡಿಗೆ ಚಕ್ರ ಇರಲಿ. ಆದರೆ ಇಳಿಜಾರು ನೆಲ ಅಂತ ನೆನಪಿಡಿ, ನಾಲ್ಕೂ ಚಕ್ರಕ್ಕೆ ಲಾಕ್ ಬೇಕು. ಕೈಯಿಂದ ಮೇಜಿನ ಮೂಲೆ ಅಲ್ಲಾಡಿಸಿ ನೋಡಿ. ಕಾಲು ಕುಂಟಿದರೆ ಅಡಿಗೆ ಪ್ಲೈ ಚೂರು ಕೊಡದೆ ಸ್ವಿಚ್ ಹಾಕಬೇಡಿ.

## 4. ಬೆಂಚಿಗೆ ಕಿಟಕಿ ಬಿಟ್ಟುಕೊಡಿ

ಕಿಟಕಿ ಇರುವ ಉದ್ದ ಗೋಡೆಗೆ 5 ಅಡಿ ಉದ್ದ, 2 ಅಡಿ ಅಗಲದ ಬೆಂಚು. ಎತ್ತರಕ್ಕೆ ಸುಲಭದ ಅಳತೆ ಇದೆ. ನೆಟ್ಟಗೆ ನಿಂತು ಕೈ ಇಳಿಬಿಡಿ, ಮಣಿಕಟ್ಟಿನ ಗೆರೆ ನೆಲದಿಂದ ಎಷ್ಟಿದೆ ನೋಡಿ. ಅಷ್ಟೇ ಬೆಂಚಿನ ಎತ್ತರ. ಸಾಮಾನ್ಯವಾಗಿ 31ರಿಂದ 35 ಇಂಚಿನೊಳಗೆ ಬರುತ್ತದೆ. ಕೀಸುಳಿ ಹೊಡೆಯುವುದೇ ಜಾಸ್ತಿಯಾದರೆ ಒಂದಿಂಚು ಇಳಿಸಿ. ಊಟದ ಮೇಜು ಬೆಂಚಾಗುವುದಿಲ್ಲ. ತಗ್ಗು ಅನ್ನುವುದು ಒಂದು ಕಡೆ, ಕೀಸುಳಿ ತಳ್ಳಿದರೆ ಮೇಜೇ ಮುಂದೆ ಹೋಗುತ್ತದೆ. ಭಾರ ಇರಲಿ, ಕೆಳಗಿನ ಅಡ್ಡಪಟ್ಟಿಯ ಮೇಲೆ ನಾಲ್ಕು ಕಾಂಕ್ರೀಟ್ ಬ್ಲಾಕ್ ಇಟ್ಟರೂ ಆಯಿತು.

ನೀವು ಬಲಗೈಯವರಾದರೆ ವೈಸ್ (ಮರವನ್ನು ಬಿಗಿದು ಹಿಡಿಯುವ ಇಕ್ಕಳ) ಬೆಂಚಿನ ಎಡ ತುದಿಗೆ. ಎಡಗೈಯವರಿಗೆ ಬಲಕ್ಕೆ.

ನಮ್ಮ ಬಡಗಿಗಳು ನೆಲದ ಮೇಲೆ ಕೂತು, ಕಾಲಲ್ಲಿ ಮರ ಒತ್ತಿ ಹಿಡಿದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಾರೆ ಅಂತ ನೋಡಿರುತ್ತೀರಿ. ಅದು ವರ್ಷಗಟ್ಟಲೆ ಕೂತು ಬಂದ ಅಭ್ಯಾಸ. ಹೊಸಬರು ಉಳಿಯನ್ನು ಪಾದದ ಕಡೆ ಹೊಡೆಯುವುದು ಬೇಡ. ಆದರೂ 4×6 ಅಡಿ ನೆಲ ಖಾಲಿ ಬಿಡಿ, ಕಪಾಟಿನ ಚೌಕಟ್ಟು ಮೂಲೆಮಟ್ಟ ಹಿಡಿದು ಜೋಡಿಸಲು ಅದಕ್ಕಿಂತ ಒಳ್ಳೆ ಜಾಗವಿಲ್ಲ.

ಮೈಟರ್ ಸಾ (ಹಲಗೆಯನ್ನು ಅಡ್ಡಕ್ಕೆ, ಓರೆಗೆ ಕತ್ತರಿಸುವ ಯಂತ್ರ) ಇದ್ದರೆ ಅದೂ ಇದೇ ಗೋಡೆಗೆ, ಬೆಂಚಿನ ಪಕ್ಕಕ್ಕೆ. 10 ಅಡಿ ಗೋಡೆಗೆ ಇಟ್ಟವರು ಎಂಟಡಿ ಹಲಗೆ ನಡುವೆ ಕತ್ತರಿಸಬಹುದು, ತುದಿಯಲ್ಲಿ ಕತ್ತರಿಸಲು ಹೋದರೆ ಗೋಡೆ ಅಡ್ಡ ಬರುತ್ತದೆ. ಮರ ಕೂರುವ ತಳ ಬೆಂಚಿನ ಮೇಲ್ಮೈಗೆ ಸರಿಸಮ ಬರುವಂತೆ ಮೈಟರ್ ಸಾ ಸ್ಟ್ಯಾಂಡ್ ತಗ್ಗಿಸಿ ಮಾಡಿ, ಆಗ ಉದ್ದ ಮರಕ್ಕೆ ಬೆಂಚೇ ಆಸರೆ.

ಅಗಲದ ಲೆಕ್ಕ ಒಮ್ಮೆ ಕೂಡಿಸಿ ನೋಡಿ. ಬೆಂಚು 2 ಅಡಿ, ಟೇಬಲ್ ಸಾ ಎರಡೂವರೆ, ಎದುರು ಗೋಡೆಯ ಮರದ ರ್‍ಯಾಕ್ 1 ಅಡಿ, ಒಟ್ಟು ಐದೂವರೆ. ಉಳಿದದ್ದು ನಾಲ್ಕೂವರೆ ಅಡಿ. ಅದರಲ್ಲಿ ಬೆಂಚಿಗೂ ಸಾಗೂ ನಡುವೆ ಎರಡೂವರೆ, ಆ ಕಡೆ ಎರಡು. ಇದಕ್ಕಿಂತ ಕಡಿಮೆ ಆದರೆ ಬಗ್ಗಿದಾಗ ಬೆನ್ನು ಯಂತ್ರಕ್ಕೆ ತಾಗುತ್ತದೆ.

## 5. ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ನಡೆದು ನೋಡಿ

ಮೊದಲು ರಟ್ಟನ್ನು ನಕ್ಷೆಯ ಲೆಕ್ಕದಲ್ಲೇ ಯಂತ್ರಗಳ ಅಳತೆಗೆ ಕತ್ತರಿಸಿ ನಕ್ಷೆಯ ಮೇಲೆ ಆಡಿಸಿ ನೋಡಿ. ಅಷ್ಟೇ ಸಾಲದು. ಈಗ ಅದನ್ನೇ ನೆಲದ ಮೇಲೆ ನಿಜವಾದ ಅಳತೆಯಲ್ಲಿ ಬರೆಯಿರಿ. ಬೆಂಚಿನ ಜಾಗಕ್ಕೆ ಅದೇ ಎತ್ತರಕ್ಕೆ ಪ್ಲಾಸ್ಟಿಕ್ ಕುರ್ಚಿ, ರಟ್ಟಿನ ಪೆಟ್ಟಿಗೆ ಪೇರಿಸಿಡಿ. ಆಮೇಲೆ ಎಂಟಡಿ ರೀಪು ಕೈಗೆ ತೆಗೆದುಕೊಳ್ಳಿ.

ಶಟರ್‌ನಿಂದ ಒಳಗೆ ಬಂದು ರ್‍ಯಾಕ್‌ಗೆ ಇಡಿ. ತೆಗೆದು ಮೈಟರ್ ಸಾ ಜಾಗಕ್ಕೆ ತನ್ನಿ. ತಿರುಗಿಸಿ ಟೇಬಲ್ ಸಾ ಗೆರೆಯ ಮೇಲೆ ತಳ್ಳುವ ಹಾಗೆ ನಡೆಯಿರಿ. ರೀಪಿನ ತುದಿ ಟ್ಯೂಬ್‌ಲೈಟಿಗೆ ತಾಗಿತಾ? ತಿರುಗಿಸುವಾಗ ಮೀಟರ್ ಬೋರ್ಡಿಗೆ ಹೊಡೆಯಿತಾ? ರೀಪನ್ನು ತಲೆ ಮೇಲೆ ಎತ್ತಿ ದಾಟಿಸಬೇಕಾದ ಜಾಗ ಸಿಕ್ಕಿದರೆ ಅಲ್ಲಿ ಇರುವುದನ್ನು ಸರಿಸಿ. ಇವತ್ತು ಸರಿಸಲು ಒದ್ದೆ ಬಟ್ಟೆ ಸಾಕು, ಗೆರೆ ಒರೆಸಿದರೆ ಆಯಿತು.

ಮಾಡುವ ವಸ್ತುವನ್ನೂ ಇಲ್ಲೇ ಪರೀಕ್ಷೆ ಮಾಡಿ. 7 ಅಡಿ ಎತ್ತರ, 2 ಅಡಿ ಆಳದ ವಾರ್ಡ್‌ರೋಬನ್ನು ಮಲಗಿಸಿ ಜೋಡಿಸಿ ಎತ್ತಿ ನಿಲ್ಲಿಸುವಾಗ ಅದರ ಕರ್ಣ ಸುಮಾರು 7 ಅಡಿ 3½ ಇಂಚು ಆಗುತ್ತದೆ. ಬೀಮಿನ ಅಡಿಯಲ್ಲಿ, ಮೆಟ್ಟಿಲ ಕೆಳಗೆ, ತಗ್ಗು ಶೀಟಿನ ಅಡಿಯಲ್ಲಿ ಅದು ನಿಲ್ಲುವುದಿಲ್ಲ. ಮನೆಯೊಳಗಿನ ಬಾಗಿಲು ಸಾಮಾನ್ಯವಾಗಿ 7 ಅಡಿ, ಅದನ್ನೂ ಈಗಲೇ ಅಳೆಯಿರಿ.

## 6. ಕರೆಂಟು: ಈಗ ಎಲೆಕ್ಟ್ರಿಷಿಯನ್ ಕರೆಸಿ, ಮೊದಲೇ ಬೇಡ

ಬಹಳ ಜನ ಮೊದಲು ವೈರಿಂಗ್ ಮಾಡಿಸಿ ಆಮೇಲೆ ಪ್ಲಗ್ ಇರುವ ಕಡೆ ಯಂತ್ರ ಇಡುತ್ತಾರೆ. ಉಲ್ಟಾ ಕ್ರಮ.

1800 ವ್ಯಾಟಿನ ಟೇಬಲ್ ಸಾ 230 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್ ಎಳೆಯುತ್ತದೆ, 1400 ವ್ಯಾಟಿನ ವ್ಯಾಕ್ಯೂಮ್ ಸುಮಾರು 6. ಎರಡೂ ಒಟ್ಟಿಗೇ ಓಡುತ್ತವೆ, ಶುರುವಾಗುವ ಕ್ಷಣ ಇದರ ಹಲವು ಪಟ್ಟು ಎಳೆಯುತ್ತವೆ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಲೈನು. 4 ಚದರ ಎಂಎಂ ತಾಮ್ರದ ವೈರು, 16 ಆಂಪಿಯರ್ ಸಾಕೆಟ್, 20 ಆಂಪಿಯರ್ ಸಿ-ಕರ್ವ್ ಎಂಸಿಬಿ (ಲೋಡ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್, ಸಿ-ಕರ್ವ್ ಅಂದರೆ ಮೋಟಾರ್ ಶುರುವಾಗುವ ಎಳೆತ ತಡೆದುಕೊಳ್ಳುವಂಥದ್ದು), ಮೇಲೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನು ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ನೋಡಿಕೊಳ್ಳಿ. ಈ ಎರಡೇ ಸೇರಿ 3.2 ಆಗಿಬಿಟ್ಟಿತು.

ಲೈಟಿನ ಲೈನು ಪೂರ್ತಿ ಬೇರೆ ಇರಬೇಕು. ಸಾ ಓಡುವಾಗ ಎಂಸಿಬಿ ಬಿದ್ದು ಕತ್ತಲಾದರೆ, ಬ್ಲೇಡು ಇನ್ನೂ ತಿರುಗುತ್ತಲೇ ಇರುತ್ತದೆ.

ನಮ್ಮೂರಿನ ಕರೆಂಟಿಗೆ ಇನ್ನೊಂದು ಎಚ್ಚರಿಕೆ. ಸಾ ಓಡುತ್ತಿದ್ದಾಗ ಕರೆಂಟ್ ಹೋಯಿತು ಅಂತಿಟ್ಟುಕೊಳ್ಳಿ. ನೀವು ಬ್ಲೇಡ್ ಹತ್ತಿರದ ಚೂರು ತೆಗೆಯಲು ಕೈ ಹಾಕಿದ್ದೀರಿ, ಅಷ್ಟರಲ್ಲಿ ಬಂತು. ಸ್ವಿಚ್ ಆನ್ ಆಗಿಯೇ ಇದ್ದರೆ ಬ್ಲೇಡು ತಾನಾಗಿ ತಿರುಗುತ್ತದೆ. ಇದಕ್ಕೆ ನೋ-ವೋಲ್ಟ್ ಸ್ವಿಚ್ ಅಂತ ಸಿಗುತ್ತದೆ, ಕರೆಂಟ್ ಬಂದರೂ ಮತ್ತೆ ಗುಂಡಿ ಒತ್ತದೆ ಶುರುವಾಗುವುದಿಲ್ಲ. ನಿಮ್ಮ ಯಂತ್ರದಲ್ಲಿ ಇದೆಯಾ ಅಂತ ಬ್ಲೇಡ್ ಬಿಚ್ಚಿಟ್ಟು ಪರೀಕ್ಷೆ ಮಾಡಿ, ಇಲ್ಲದಿದ್ದರೆ ಹಾಕಿಸಿ.

ಸಾಕೆಟ್ಟುಗಳು ನೆಲದಿಂದ 42 ಇಂಚಿಗಿಂತ ಮೇಲೆ ಇರಲಿ. ಕೆಳಗಿದ್ದರೆ ಗೋಡೆಗೆ ಒರಗಿಸಿದ ಹಲಗೆಯ ಹಿಂದೆ ಮರೆಯಾಗುತ್ತವೆ. ಎಕ್ಸ್‌ಟೆನ್ಷನ್ ಬಳಸುವುದಾದರೆ ಸುರುಳಿ ಪೂರ್ತಿ ಬಿಚ್ಚಿ, ಸುತ್ತಿಟ್ಟ ವೈರು ಬಿಸಿಯಾಗುತ್ತದೆ.

## 7. ಬೆಳಕು

ನಾಲ್ಕಡಿ ಎಲ್‌ಇಡಿ ಟ್ಯೂಬು ನಾಲ್ಕು, ಎರಡು ಸಾಲಿನಲ್ಲಿ. ಬೆಂಚಿನ ಸಾಲು ನಿಮ್ಮ ತಲೆಯ ಹಿಂದೆ ಬರಬಾರದು, ಗುರುತು ಹಾಕುವ ಜಾಗಕ್ಕೆ ನಿಮ್ಮದೇ ನೆರಳು ಬೀಳುತ್ತದೆ. ಹಳೇ ಚೋಕ್ ಟ್ಯೂಬ್‌ಲೈಟ್ ಇದ್ದರೆ ತೆಗೆಸಿ. ಅದರ ಮಿಣುಕಿಗೆ ತಿರುಗುವ ಬ್ಲೇಡು ಕೆಲವೊಮ್ಮೆ ನಿಂತ ಹಾಗೆ ಕಾಣುತ್ತದೆ.

## 8. ಹೊಟ್ಟು ಎಲ್ಲಿಗೆ ಹೋಗುತ್ತದೆ

ಗುಡಿಸಿದರೆ ಆಯಿತು ಅನ್ನುವವರೇ ಜಾಸ್ತಿ. ಗುಡಿಸಲು ಸಿಗುವ ಹೊಟ್ಟಿನಿಂದ ತೊಂದರೆ ಕಡಿಮೆ. ಕಿಟಕಿ ಬಿಸಿಲಿನಲ್ಲಿ ತೇಲುತ್ತಾ ಕಾಣುವ ನಯವಾದ ಪುಡಿ ಇದೆಯಲ್ಲ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಐಎಆರ್‌ಸಿ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಎಂಡಿಎಫ್ (ಮರದ ನಾರು, ಅಂಟು ಸೇರಿಸಿ ಒತ್ತಿದ ಹಲಗೆ) ಪುಡಿಯಲ್ಲಿ ಅಂಟಿನ ಅಂಶವೂ ಇರುತ್ತದೆ. ಎನ್95 ಮಾಸ್ಕ್ ಇಲ್ಲದೆ ಸ್ಯಾಂಡಿಂಗ್ ಬೇಡ, ಮೂಗಿಗೆ ಕಟ್ಟಿದ ಟವೆಲು ಮಾಸ್ಕ್ ಅಲ್ಲ.

ವ್ಯಾಕ್ಯೂಮ್ ಮತ್ತೆ ಅದರ ಮುಂದೆ ಬಕೆಟ್ ಮೇಲೆ ಕೂತು ಹೊಟ್ಟನ್ನು ಅದರೊಳಗೆ ಬೀಳಿಸುವ ಸೈಕ್ಲೋನ್, ಇಷ್ಟು ಸಾಕು. ಟೇಬಲ್ ಸಾ ಹತ್ತಿರವೇ ಇಟ್ಟು ಪೈಪು ಆದಷ್ಟು ಗಿಡ್ಡ ಮಾಡಿ, ಉದ್ದವಾದಷ್ಟೂ ಎಳೆತ ಕಡಿಮೆ. ತಿಕ್‌ನೆಸ್ ಪ್ಲೇನರ್ (ಹಲಗೆಯನ್ನು ಒಂದೇ ದಪ್ಪಕ್ಕೆ ಕೀಸುವ ಯಂತ್ರ) ತರುವುದಾದರೆ ಎರಡೂವರೆ ಇಂಚಿನ ಪೈಪಿಗೆ ಹೆರೆ ಕಟ್ಟಿಕೊಳ್ಳುತ್ತದೆ, 4 ಇಂಚು ಬೇಕು. ಎಕ್ಸಾಸ್ಟ್ ಫ್ಯಾನು ಮನೆಯ ಬಾಗಿಲಿಗೆ ಎದುರು ಬದಿಯಲ್ಲಿ ಇರಲಿ, ಮನೆಯೊಳಗೆ ಹೋಗುವ ಬಾಗಿಲಿನ ಸಂದಿಗೆ ರಬ್ಬರ್ ಹಾಕಿಸಿ. ಇಲ್ಲದಿದ್ದರೆ ದೇವರ ಮನೆಯ ಫೋಟೋ ಮೇಲೂ ಹೊಟ್ಟು ಕೂತು, ನಿಮ್ಮ ಶೆಡ್ಡಿಗೆ ಮನೆಯಲ್ಲಿ ಇರುವ ಒಪ್ಪಿಗೆ ರದ್ದಾಗುತ್ತದೆ.

ಉಳಿ ಸಾಣೆ ಹಿಡಿಯುವ ಬೆಂಚ್ ಗ್ರೈಂಡರ್ ಹೊಟ್ಟು ಬೀಳುವ ಜಾಗದಿಂದ ದೂರ. ಕಿಡಿ ಹೊಟ್ಟಿನೊಳಗೆ ಬಿದ್ದರೆ ಗಂಟೆಗಟ್ಟಲೆ ಒಳಗೊಳಗೇ ಕನಲಿ ಆಮೇಲೆ ಹೊತ್ತಿಕೊಳ್ಳುತ್ತದೆ.

## 9. ಮರದ ರ್‍ಯಾಕ್, ಮಳೆಗಾಲ, ಗೆದ್ದಲು

ರ್‍ಯಾಕ್ ಕೆಳಗಿನ ಹಂತ ನೆಲದಿಂದ 6 ಇಂಚು ಮೇಲೆ, ಗೋಡೆಯಿಂದ ಒಂದು ಬೆರಳು ಈಚೆ. ಗೋಡೆಗೆ ತಾಗಿಸಿದರೆ ಗೆದ್ದಲು ಹತ್ತುವ ಮಣ್ಣಿನ ಗೆರೆ ಕಾಣುವುದಿಲ್ಲ, ಹಲಗೆ ಎತ್ತಿದಾಗ ಕೈಗೆ ಸಿಪ್ಪೆ ಬರುತ್ತದೆ. ಬೆಂಚಿನ ಕಾಲಿಗೂ ಇದೇ ನಿಯಮ. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಬಗ್ಗಿ ನೋಡಿ.

ಮಲೆನಾಡು, ಕರಾವಳಿಯವರು ಮಳೆ ಬಡಿಯುವ ಗೋಡೆಗೆ ಮರವನ್ನೂ ಯಂತ್ರವನ್ನೂ ಇಡಬೇಡಿ. ಎರಕದ ಕಬ್ಬಿಣದ ಮೇಜಿಗೆ ಜೂನ್‌ಗೆ ಮೊದಲೇ ಪೇಸ್ಟ್ ವ್ಯಾಕ್ಸ್ ಹಚ್ಚಿ. ಹಲಗೆಗಳ ನಡುವೆ ರೀಪು ಚೂರು ಕೊಟ್ಟು ಗಾಳಿಯಾಡಲು ಬಿಡಿ. ಪ್ಲೈವುಡ್ ಹಾಳೆ ಓರೆಯಾಗಿ ಒರಗಿಸಿಟ್ಟರೆ ಬಾಗುತ್ತದೆ, ನೆಟ್ಟಗೆ ನಿಲ್ಲಿಸಿ ಅಥವಾ ಮಟ್ಟವಾಗಿ ಮಲಗಿಸಿ.

## 10. ಕೈ ಸಾಮಾನು, ಅಂಟು, ಪಾಲಿಶ್

ಗೋಡೆಗೆ ಸಾಮಾನು ತೂಗುಹಾಕುವ ಕೆಲಸ ಕೊನೆಗೆ. ಒಂದು ತಿಂಗಳು ಪೆಟ್ಟಿಗೆಯಲ್ಲೇ ಇಟ್ಟು ಕೆಲಸ ಮಾಡಿ, ಯಾವುದಕ್ಕೆ ಪದೇ ಪದೇ ಕೈ ಹೋಗುತ್ತದೆ ಅಂತ ಗೊತ್ತಾಗುತ್ತದೆ. ಆಮೇಲೆ 18 ಎಂಎಂ ಪ್ಲೈ ಪಟ್ಟಿಯನ್ನು 45 ಡಿಗ್ರಿ ಓರೆಯಾಗಿ ಉದ್ದಕ್ಕೆ ಸೀಳಿ. ಒಂದರ್ಧ ಗೋಡೆಗೆ, ಇನ್ನೊಂದರ್ಧ ಸಾಮಾನಿನ ಹಲಗೆಯ ಬೆನ್ನಿಗೆ. ಒಂದರ ಮೇಲೊಂದು ಸಿಕ್ಕಿಕೊಂಡು ಕೂರುತ್ತವೆ, ಬೇಕಾದಾಗ ಎತ್ತಿ ಬೇರೆ ಕಡೆ ಇಡಬಹುದು.

ಕ್ಲಾಂಪುಗಳು ಅಂಟು ಹಾಕುವ ಜಾಗದ ಪಕ್ಕದಲ್ಲೇ ಇರಬೇಕು. ಅಂಟು ಹಚ್ಚಿಯಾದ ಮೇಲೆ ಹುಡುಕಾಡಲು ಸಮಯ ಇರುವುದಿಲ್ಲ.

ಪಾಲಿಶ್ ಶೆಡ್ಡಿನಲ್ಲಿ ಬೇಡ, ಹೊರಗೆ ಅಥವಾ ಟೆರೇಸಿನಲ್ಲಿ ಮಾಡಿ. ಹೊಟ್ಟು ಅಂಟುವುದು ಒಂದು ಕಾರಣ, ಥಿನ್ನರ್ ಹೊಗೆ ಇನ್ನೊಂದು. ಲಿನ್‌ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ಬೆಂಕಿ ಆರಿಸುವ ಎಬಿಸಿ ಸಿಲಿಂಡರು ಶಟರ್ ಪಕ್ಕಕ್ಕೆ ಇರಲಿ, ಒಳಗೋಡೆಗಲ್ಲ.

## 11. ಅಕ್ಕಪಕ್ಕದವರು

ಶಬ್ದ ಮಾಲಿನ್ಯದ 2000ದ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ಸರ್ಕ್ಯುಲರ್ ಸಾ ಪಕ್ಕದಲ್ಲಿ ನಿಂತರೆ 90 ದಾಟುತ್ತದೆ. ಪಕ್ಕದ ಮನೆಯ ಮಲಗುವ ಕೋಣೆಗೆ ತಾಗಿದ ಗೋಡೆಗೆ ಯಂತ್ರ ಇಡಬೇಡಿ, ಸ್ಟ್ಯಾಂಡಿನ ಅಡಿಗೆ ರಬ್ಬರ್ ಕೊಡಿ, ಕೊಯ್ಯುವ ಕೆಲಸವನ್ನೆಲ್ಲ ಹಗಲಿಗೆ ಇಟ್ಟುಕೊಂಡು ಸಂಜೆಗೆ ಕೈಗೆಲಸ ಉಳಿಸಿಕೊಳ್ಳಿ. ನಿಮ್ಮ ಕಿವಿಗೆ ಇಯರ್‌ಮಫ್.

## 12. ಮೊದಲ ತಿಂಗಳು ಗಮನಿಸಬೇಕಾದ ಸೂಚನೆಗಳು

ಹಲಗೆಯನ್ನು ದಿನಾ ಟೇಬಲ್ ಸಾ ಮೇಲಿನಿಂದ ಎತ್ತಿ ದಾಟಿಸುತ್ತಿದ್ದೀರಾ? ರ್‍ಯಾಕ್ ತಪ್ಪು ಕಡೆ ಇದೆ. ಸೀಳಿದ ಅಂಚಿನಲ್ಲಿ ಕಪ್ಪು ಸುಟ್ಟ ಗೆರೆ ಬರುತ್ತಿದೆಯಾ? ಬ್ಲೇಡ್ ಮೊಂಡಾಗಿರಬಹುದು, ಫೆನ್ಸ್ (ಮರವನ್ನು ಒತ್ತಿ ತಳ್ಳುವ ಪಕ್ಕದ ಪಟ್ಟಿ) ಓರೆಯಾಗಿರಬಹುದು. ಎರಡೂ ಸರಿ ಇದ್ದರೆ ಆಚೆಯ ಮೇಜಿನ ಎತ್ತರ ನೋಡಿ. ಪ್ಲಗ್ ಮುಟ್ಟಿದರೆ ಬಿಸಿ, ಅಥವಾ ಸಾ ಶುರುವಾದಾಗ ಮನೆಯ ಲೈಟ್ ಮಂಕಾಗುತ್ತದೆ ಅಂದರೆ ಕೆಲಸ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ. ಬೆಂಚಿನ ಮೇಲೆ ಯಾವಾಗಲೂ ಸಾಮಾನು ತುಂಬಿ ನೆಲದಲ್ಲಿ ಕೆಲಸ ನಡೆಯುತ್ತಿದ್ದರೆ ಬೆಂಚು ದೊಡ್ಡದು ಮಾಡಬೇಡಿ, ಪಕ್ಕಕ್ಕೆ ಒಂದಡಿ ಅಗಲದ ಸ್ಟ್ಯಾಂಡ್ ಇಡಿ.

ಇವೆಲ್ಲ ತಿದ್ದಿದ ಮೇಲಷ್ಟೇ ಬೆಂಚನ್ನು ನೆಲಕ್ಕೆ ಬೋಲ್ಟ್ ಮಾಡಿ. ಡ್ರಿಲ್ ಹಿಡಿಯುವ ಮೊದಲು ಸಂಪು ಯಾವ ಕಡೆಗೆ ಎಷ್ಟು ಹಬ್ಬಿದೆ, ಪೈಪು ಎಲ್ಲಿ ಹಾದುಹೋಗಿದೆ ಅಂತ ಮನೆ ಕಟ್ಟಿಸಿದವರನ್ನೋ ಮೇಸ್ತ್ರಿಯನ್ನೋ ಕೇಳಿಕೊಳ್ಳಿ. ಮುಚ್ಚಳ ಎರಡಡಿ ಇರುತ್ತದೆ, ಸಂಪು ಮಾತ್ರ ಅರ್ಧ ಶೆಡ್ಡಿನ ಕೆಳಗೆ ಇರಬಹುದು.